ಆಸ್ಟ್ರೇಲಿಯಾಕ್ಕೆ ಗಡೀಪಾರಾದ ವಿಕ್ಟೋರಿಯಾ ಕಾಲದ ಕೈದಿಗಳು ಶಿಕ್ಷೆ ಮುಗಿದರೂ ಬ್ರಿಟನ್ನಿಗೆ ಏಕೆ ಮರಳಲಿಲ್ಲ?

ಮುಖ್ಯ ಕಾರಣ ದುಡ್ಡು. ಅಲ್ಲಿಗೆ ಒಯ್ಯುವ ಖರ್ಚು ಸರ್ಕಾರದ್ದು. ವಾಪಸ್ ಬರುವ ಹಡಗಿನ ಖರ್ಚು ಕೈದಿಯದ್ದೇ. ಸುಮಾರು ನಾಲ್ಕು ತಿಂಗಳ ಆ ಪ್ರಯಾಣದ ಟಿಕೆಟ್ಟಿಗೆ ಬೇಕಾದಷ್ಟು ಹಣ ಕೂಲಿಯವನ ಕೈಯಲ್ಲಿ ಉಳಿಯುತ್ತಲೇ ಇರಲಿಲ್ಲ.

ಇನ್ನೊಂದು ಕಾರಣ ಬಿಡುಗಡೆಯ ವಿಧಾನದಲ್ಲೇ ಇತ್ತು. 1840ರ ದಶಕದಲ್ಲಿ ವ್ಯಾನ್ ಡೀಮನ್ಸ್ ಲ್ಯಾಂಡಿಗೆ (ಈಗಿನ ಟ್ಯಾಸ್ಮೇನಿಯಾ) ಬಂದವನು ಮೊದಲು ಗುಂಪಿನಲ್ಲಿ ರಸ್ತೆ ಕಡಿಯಬೇಕು, ಕಲ್ಲು ಒಡೆಯಬೇಕು. ನಂತರ ಪಾಸ್ ಸಿಕ್ಕರೆ ಸಂಬಳಕ್ಕೆ ದುಡಿಯಬಹುದು. ಆಮೇಲೆ 'ಟಿಕೆಟ್ ಆಫ್ ಲೀವ್', ಅಂದರೆ ಗೊತ್ತುಪಡಿಸಿದ ಜಿಲ್ಲೆಯೊಳಗೆ ತನಗೆ ಬೇಕಾದ ಕಡೆ ದುಡಿಯುವ ಅನುಮತಿ ಚೀಟಿ. ಆಗಲೂ ಹಾಜರಿ ಹಾಕಬೇಕು. ತಪ್ಪಿದರೆ ಚೀಟಿ ರದ್ದಾಗಬಹುದು. ಮುಂದೆ ಷರತ್ತಿನ ಕ್ಷಮಾದಾನ. ಅದರ ಷರತ್ತೇ ಬ್ರಿಟನ್ನಿಗೆ ಮರಳಬಾರದೆಂಬುದು! ಜೀವಾವಧಿ ಶಿಕ್ಷೆಯಾದವನಿಗಂತೂ ಇದು ಬದುಕಿಡೀ ಬೇಲಿ. ಅವಧಿಗೆ ಮುಂಚೆ ಮರಳಿ ಸಿಕ್ಕಿಬಿದ್ದರೆ 1834ರವರೆಗೆ ಗಲ್ಲು, ನಂತರ ಜೀವನಪರ್ಯಂತ ಗಡೀಪಾರು.

ಹೀಗೆ ವರ್ಷಗಳು ಕಳೆಯುವಷ್ಟರಲ್ಲಿ ಅನೇಕರಿಗೆ ಅಲ್ಲೇ ಕೆಲಸ, ಮದುವೆ, ಮಕ್ಕಳು. ಊರಿನಲ್ಲೇ ಉಳಿದ ಹೆಂಡತಿಯ ಪಾಡನ್ನು ಇತಿಹಾಸ ಹೆಚ್ಚು ಕೇಳಿಲ್ಲ, ಅದು ಅನ್ಯಾಯ. ಕೆಲವು ಕೈದಿಗಳ ಅರ್ಜಿ ಮನ್ನಿಸಿ ಸರ್ಕಾರ ಅವರ ಹೆಂಡತಿ ಮಕ್ಕಳನ್ನು ತನ್ನ ಖರ್ಚಿನಲ್ಲೇ ಅಲ್ಲಿಗೆ ಕಳಿಸಿದ್ದೂ ಉಂಟು.