ಒಂದು ಕುದುರೆಗೆ ಹುಳುಕಡ್ಡಿ ಬಂದಿದೆ, ಉಳಿದವಕ್ಕೆ ಹರಡದಂತೆ ಏನು ಮಾಡಲಿ?

ನಿಮ್ಮ ಮೂರು ಕುದುರೆಗಳಲ್ಲಿ ಒಂದಕ್ಕೆ ಜೀನಿನ ಪಟ್ಟಿ ಬಿಗಿಯುವ ಕಡೆ ದುಂಡಗೆ ಕೂದಲು ಉದುರಿ ಹೊಟ್ಟು ಏಳುತ್ತಿದೆ, ಮುಲಾಮು ಹಚ್ಚುತ್ತಿದ್ದೇನೆ, ಬೇರೆ ಎರಡಕ್ಕೆ ಅಂಟದಿರಲು ಏನು ಮಾಡಬೇಕು ಅಂತ ಕೇಳಿದ್ದೀರಿ. ಮುಲಾಮು ಇರಲಿ, ಮೈ ಉಜ್ಜುವ ಬ್ರಷ್ ಎಷ್ಟಿವೆ ನಿಮ್ಮ ಹತ್ತಿರ? ಒಂದೇ ಆದರೆ ತೊಂದರೆ ಅಲ್ಲೇ ಇದೆ.

ನಾನೂ ಹಾಗೇ ಮಾಡಿ ಕೆಟ್ಟವನು. ಹೊಸದಾಗಿ ತಂದ ಮರಿಯ ಕುತ್ತಿಗೆಯ ಮೇಲೆ ಸಣ್ಣ ಬೋಳು ಕಂಡಿತ್ತು. ಹಗ್ಗ ಉಜ್ಜಿರಬೇಕು ಅಂದುಕೊಂಡು ಸುಮ್ನಾದೆ. ಒಂದೇ ಬ್ರಷ್‌ನಲ್ಲಿ ನಾಲ್ಕು ಕುದುರೆಗಳ ಮೈ ಉಜ್ಜಿದೆ. ಮೂರು ವಾರ ಕಳೆಯುವಷ್ಟರಲ್ಲಿ ಇನ್ನೆರಡಕ್ಕೆ ಬಂತು, ನನ್ನ ಮುಂಗೈ ಮೇಲೂ ಕೆಂಪು ಉಂಗುರ ಎದ್ದಿತು. ಹೌದು, ಇದು ಮನುಷ್ಯರಿಗೂ ಅಂಟುತ್ತದೆ.

ಕುದುರೆಗಳಲ್ಲಿ ಇದನ್ನು ಜಾಸ್ತಿ ತರುವುದು ಟ್ರೈಕೊಫೈಟಾನ್ ಈಕ್ವೈನಮ್ ಅನ್ನುವ ಫಂಗಸ್. ಕೂದಲು ಮತ್ತು ಸತ್ತ ಚರ್ಮವೇ ಅದರ ಊಟ. ಅದು ತಿಂದ ಕೂದಲು ಮುರಿದು ಬೀಳುತ್ತದೆ, ಬಿದ್ದ ತುಂಡಿನ ತುಂಬಾ ಅದರ ಬೀಜಕಣಗಳು. ಬ್ರಷ್, ಜೀನಿನ ಕೆಳಗಿನ ಬಟ್ಟೆ, ಕಂಬಳಿ, ಮೈ ತಿಕ್ಕುವ ಮರದ ಕಂಬ, ಎಲ್ಲಿ ಬಿದ್ದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಅಂಟಿದ ಮೇಲೆ ಮಚ್ಚೆ ಕಾಣಲು 1ರಿಂದ 4 ವಾರ ಬೇಕಾಗಬಹುದು. ಹಾಗಾಗಿ ಇವತ್ತು ಚೆನ್ನಾಗಿ ಕಾಣುವ ನಿಮ್ಮ ಎರಡು ಕುದುರೆಗಳೂ ಪಾರಾದವು ಅನ್ನುವ ಹಾಗಿಲ್ಲ. ದಿನಾ ಕೈಯಾಡಿಸಿ ನೋಡಿ. ಕಣ್ಣಿಗೆ ಬೀಳುವ ಮೊದಲೇ ಬೆರಳಿಗೆ ಸಣ್ಣ ಗಂಟು, ಎದ್ದು ನಿಂತ ಕೂದಲು ಸಿಗುತ್ತದೆ.

ರೋಗದ ಕುದುರೆಯನ್ನು ಬೇರೆ ಕಟ್ಟಿ. ಮೂಗಿಗೆ ಮೂಗು ತಾಗದಷ್ಟು ದೂರ ಇರಲಿ. ಮೇವು, ನೀರು, ಲದ್ದಿ ಬಾಚುವುದು, ಎಲ್ಲ ಕೆಲಸವೂ ಚೆನ್ನಾಗಿರುವವಕ್ಕೆ ಮೊದಲು, ಇದಕ್ಕೆ ಕೊನೆಗೆ. ಕೈಗೆ ಗ್ಲೌಸ್, ಮೈಮೇಲೆ ಆ ಲಾಯಕ್ಕೆ ಅಂತಲೇ ಇಟ್ಟ ಹಳೇ ಅಂಗಿ. ಪ್ರತಿ ಕುದುರೆಗೆ ಅದರದೇ ಬ್ರಷ್, ಅದರದೇ ಬಟ್ಟೆ, ಅದರದೇ ಜೀನು ಪಟ್ಟಿ. ಬಣ್ಣದ ಟೇಪು ಸುತ್ತಿಟ್ಟರೆ ಕತ್ತಲಲ್ಲೂ ಅದಲುಬದಲಾಗುವುದಿಲ್ಲ. ವಾಸಿಯಾಗುವವರೆಗೆ ಸವಾರಿ ಬೇಡ. ಬೆವರು, ಪಟ್ಟಿಯ ಉಜ್ಜಾಟ, ತರಚು ಗಾಯ, ಫಂಗಸ್‌ಗೆ ಇವೇ ಬಾಗಿಲು. ಕೂದಲು ಕತ್ತರಿಸುವ ಮಷಿನ್ ಅಂತೂ ಮುಟ್ಟಲೇಬೇಡಿ, ಒಂದು ಮಚ್ಚೆ ಇದ್ದದ್ದು ಮೈತುಂಬಾ ಆಗುತ್ತದೆ.

ಇನ್ನು ತೊಳೆಯುವ ವಿಷಯ. ನಾನು ಬ್ರಷ್ಷನ್ನು ಸೋಪು ನೀರಲ್ಲಿ ಅದ್ದಿ ಬಿಸಿಲಿಗಿಟ್ಟು ಮುಗೀತು ಅಂದುಕೊಂಡಿದ್ದೆ. ಅದು ಸಾಲದು. ಮೊದಲು ಕೂದಲು, ಹೊಟ್ಟು, ಮಣ್ಣು ಪೂರ್ತಿ ಹೋಗುವಂತೆ ತಿಕ್ಕಿ ತೊಳೆಯಿರಿ, ಏಕೆಂದರೆ ಕೊಳೆಯ ಮೇಲೆ ಸುರಿದ ಬ್ಲೀಚ್ ಅಲ್ಲೇ ಶಕ್ತಿ ಕಳೆದುಕೊಳ್ಳುತ್ತದೆ. ಆಮೇಲೆ ಮನೆಬಳಕೆಯ ಬ್ಲೀಚ್ 1 ಪಾಲಿಗೆ 10 ಪಾಲು ನೀರು ಬೆರೆಸಿ, ಪ್ಲಾಸ್ಟಿಕ್ ಬ್ರಷ್, ಬಕೆಟ್, ಸಿಮೆಂಟ್ ನೆಲ ಕನಿಷ್ಠ 10 ನಿಮಿಷ ಒದ್ದೆಯಾಗೇ ಇರುವಂತೆ ನೋಡಿಕೊಳ್ಳಿ. ಗಾಳಿಯಾಡುವ ಕಡೆ ಮಾಡಿ, ಆಸಿಡ್ ಅಥವಾ ಬೇರೆ ಕ್ಲೀನರ್ ಜೊತೆ ಬೆರೆಸಬೇಡಿ, ಕುದುರೆಯ ಮೈಗಂತೂ ಹಾಕಲೇಬೇಡಿ. ಚರ್ಮದ ಜೀನು, ಲಗಾಮಿಗೂ ಬ್ಲೀಚ್ ಆಗದು, ಅದಕ್ಕೆ ಏನು ಬಳಸಬೇಕೆಂದು ಡಾಕ್ಟರನ್ನೇ ಕೇಳಿ. ಕಂಬಳಿ, ಬಟ್ಟೆಗಳನ್ನು 60 ಡಿಗ್ರಿ ನೀರಲ್ಲಿ, ಮನೆ ಬಟ್ಟೆಯಿಂದ ಬೇರೆಯಾಗಿ, ಎರಡು ಸಲ ಒಗೆಯಿರಿ. ಮರದ ಹಿಡಿಯ ಹಳೇ ಬ್ರಷ್ ಇದ್ದರೆ ಎಸೆದುಬಿಡಿ. ನನಗೂ ಹೊಟ್ಟೆ ಉರಿದಿತ್ತು.

ಮುಲಾಮಿನ ಬಗ್ಗೆ ಎರಡು ಮಾತು. ಇದು ಫಂಗಸ್ಸೇ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಮಳೆಯಲ್ಲಿ ನೆನೆದ ಕುದುರೆಗೆ ಬ್ಯಾಕ್ಟೀರಿಯಾದಿಂದ ಬರುವ ಹಕ್ಕಳೆಯೂ ಹೆಚ್ಚುಕಡಿಮೆ ಹೀಗೇ ಕಾಣುತ್ತದೆ, ಅದರ ಔಷಧಿಯೇ ಬೇರೆ. ಡಾಕ್ಟರ್ ಮಚ್ಚೆಯ ಅಂಚಿನ ಕೂದಲು ಕಿತ್ತು ಲ್ಯಾಬಿಗೆ ಕಳಿಸುತ್ತಾರೆ, ಅಲ್ಲಿ ಫಂಗಸ್ ಬೆಳೆಸಿ ನೋಡುವ ಕಲ್ಚರ್ ವರದಿಗೆ 2-3 ವಾರ ಹಿಡಿಯಬಹುದು. ಅಲ್ಲಿಯವರೆಗೆ ಫಂಗಸ್ ಅಂತಲೇ ತಿಳಿದು ದೂರ ಇಡಿ. ನೇರಳೆ ದೀಪದಲ್ಲಿ (ಕೆಲವು ಫಂಗಸ್ ಹೊಳೆಯುವ ಪರೀಕ್ಷೆಯ ದೀಪ) ನೋಡಿದೆ, ಹೊಳೆಯಲಿಲ್ಲ, ಹಾಗಾಗಿ ಫಂಗಸ್ ಅಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಈಕ್ವೈನಮ್ ಆ ದೀಪಕ್ಕೆ ಹೊಳೆಯುವುದೇ ಇಲ್ಲ. ಇನ್ನೊಂದು, ಮಚ್ಚೆಗಷ್ಟೇ ಮುಲಾಮು ಹಚ್ಚಿದರೆ ಸುತ್ತಲಿನ ಕೂದಲಲ್ಲಿರುವ ಬೀಜಕಣ ಹಾಗೇ ಉಳಿಯುತ್ತದೆ. ಮೈಪೂರ್ತಿ ಔಷಧಿ ನೀರು ಹಾಕುವುದು ಮೇಲು. ನಮಗೆ ಎನಿಲ್ಕೊನಜೋಲ್ ಅನ್ನುವ ಫಂಗಸ್ ಔಷಧಿಯ 0.2% ನೀರನ್ನು ಮೂರು ದಿನಕ್ಕೊಮ್ಮೆ, ಒಟ್ಟು ನಾಲ್ಕು ಸಲ ಹಾಕಲು ಹೇಳಿದ್ದರು. ತುರಿಕೆಗೆ ಅಂತ ಸ್ಟೀರಾಯ್ಡ್ ಕ್ರೀಮ್ ಹಚ್ಚಬೇಡಿ, ಫಂಗಸ್ ಇನ್ನೂ ಬೆಳೆಯುತ್ತದೆ.

ತಾನಾಗೇ ಹೋಗುತ್ತೆ ಬಿಡಿ ಅನ್ನುವವರೂ ಸಿಗುತ್ತಾರೆ. ನಿಜ, ಎಷ್ಟೋ ಕುದುರೆಗಳಿಗೆ 1ರಿಂದ 4 ತಿಂಗಳಲ್ಲಿ ತಾನಾಗೇ ವಾಸಿಯಾಗುತ್ತದೆ. ಆದರೆ ಅಷ್ಟು ದಿನವೂ ಅದು ಬೀಜಕಣ ಉದುರಿಸುತ್ತಲೇ ಇರುತ್ತದೆ ಅಲ್ವಾ? ಕೂದಲು ಮತ್ತೆ ಬಂದ ಕೂಡಲೇ ಗುಂಪಿಗೆ ಬಿಡಬೇಡಿ, ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ಮುಂದೆ ಹೊಸ ಕುದುರೆ ತಂದರೆ 2-3 ವಾರ ಬೇರೆಯೇ ಕಟ್ಟಿ.

ಲಾಳ ಹೊಡೆಯುವವರು ಬರುವ ದಿನ ಮೊದಲೇ ವಿಷಯ ಹೇಳಿಬಿಡಿ. ಈ ಕುದುರೆಯನ್ನು ಕೊನೆಗೆ ಹಿಡಿಯಲಿ, ಹೋಗುವ ಮುಂಚೆ ಕೈ ತೊಳೆಯಲು ಬಕೆಟ್, ಸೋಪು ನೀವೇ ಇಟ್ಟಿರಿ.