ರೇಸ್‌ನಲ್ಲಿ ಓಡಿದ ಮಾರುತಿ ಎಸ್ಟೀಮ್ ಕಾರಿನ ಇಂಜಿನ್ ಬ್ಲಾಕ್ ತಗೊಳ್ಳಬಹುದಾ?

ಬೇಡ. ಟ್ರ್ಯಾಕ್‌ಗೆ ಅಂತ ಎಸ್ಟೀಮ್ ರೆಡಿ ಮಾಡುತ್ತಿದ್ದೀರಿ, ಯಾವುದೋ ತಂಡ ಗ್ಯಾರೇಜ್ ಖಾಲಿ ಮಾಡುವಾಗ 'ರೇಸ್ ಬ್ಲಾಕ್' ಕಡಿಮೆ ರೇಟಿಗೆ ಸಿಗುತ್ತಿದೆ ಅಂತೀರಿ. ನನಗೂ ಹೀಗೇ ಸಿಕ್ಕಿತ್ತು.

ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈ ಟ್ರ್ಯಾಕ್‌ನಲ್ಲಿ ಓಡಿದ ಕಾರಿನದು, 1.3 ಲೀಟರಿನ ಜಿ13ಬಿಬಿ ಇಂಜಿನ್. ಬೋರ್, ಅಂದರೆ ಸಿಲಿಂಡರಿನ ವ್ಯಾಸ, ಇನ್ನೂ ಸ್ಟ್ಯಾಂಡರ್ಡ್, 74 ಮಿ.ಮೀ. ಒಳಗೋಡೆ ಉಜ್ಜಿದ ಹೋನಿಂಗ್ ಗೀರುಗಳು ಫಳಫಳ ಅನ್ನುತ್ತಿದ್ದವು. ಬ್ಲಾಕ್ ಗೋಣಿಚೀಲದಲ್ಲಿತ್ತು, ಮೇನ್ ಬೇರಿಂಗ್ ಕ್ಯಾಪ್‌ಗಳು ಬಿಸ್ಕತ್ ಡಬ್ಬದಲ್ಲಿದ್ದವು. ಆ ಡಬ್ಬ ನೋಡಿದಾಗಲೇ ಎದ್ದು ಬರಬೇಕಿತ್ತು.

ಯಾಕೆ ಅಂತ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಪಿಸ್ಟನ್‌ಗಳ ಏರಿಳಿತವನ್ನು ತಿರುಗುವಿಕೆ ಮಾಡುವ ದಂಡವೇ ಕ್ರ್ಯಾಂಕ್. ಅದು ಕೂರುವ ರಂಧ್ರದ ಅರ್ಧ ಬ್ಲಾಕ್‌ನಲ್ಲಿರುತ್ತದೆ, ಇನ್ನರ್ಧ ಕ್ಯಾಪ್‌ನಲ್ಲಿ. ಫ್ಯಾಕ್ಟರಿಯಲ್ಲಿ ಐದೂ ಕ್ಯಾಪ್ ಬಿಗಿದು, ಆಮೇಲೆ ಒಂದೇ ಸಾಲಿಗೆ ಬೋರ್ ಹೊಡೆಯುತ್ತಾರೆ. ಹಾಗಾಗಿ ಕ್ಯಾಪ್ ಅದೇ ಬ್ಲಾಕಿಗೆ, ಅದೇ ಜಾಗಕ್ಕೆ, ಅದೇ ದಿಕ್ಕಿಗೆ ಮಾತ್ರ ಸರಿ. ಅದರ ಮೇಲೆ ನಂಬರ್ ಇರುತ್ತೆ, ಪುಲ್ಲಿ ಕಡೆಗೆ ತೋರಿಸುವ ಬಾಣವೂ ಇರುತ್ತೆ. ಡಬ್ಬ ಸುರಿದು ನೋಡಿದೆ. ಒಂದರಿಂದ ಐದರವರೆಗೆ ಎಲ್ಲ ಇತ್ತು. ಸದ್ಯ, ಅಂತ ದುಡ್ಡು ಕೊಟ್ಟೆ. ಆದರೆ ನಾಲ್ಕನೇ ನಂಬರಿನ ಕ್ಯಾಪ್ ಪ್ರತಿಯೊಂದು ಜಿ13ಬಿಬಿ ಬ್ಲಾಕಿಗೂ ಇರುತ್ತೆ ಅಲ್ವಾ? ನಂಬರ್ ಯಾವ ಜಾಗ ಅಂತ ಹೇಳುತ್ತೆ, ಯಾವ ಬ್ಲಾಕಿನದು ಅಂತ ಹೇಳಲ್ಲ. ಉಳಿದ ನಾಲ್ಕರ ಮೇಲೆ ಎಣ್ಣೆಯ ಕಂದು ಕರೆ ಇತ್ತು, ಇದೊಂದು ಬೆಳ್ಳಗಿತ್ತು. ಯಾರೋ ತೊಳೆದಿರಬೇಕು ಅಂದುಕೊಂಡೆ. ಅದು ಬೇರೆ ಬ್ಲಾಕಿನದಾಗಿತ್ತು.

ಪ್ಲಾಸ್ಟಿಗೇಜ್, ಅಂದರೆ ಸಂದಿನಲ್ಲಿ ಚಪ್ಪಟೆಯಾಗಿ ಅಳತೆ ತೋರಿಸುವ ಪ್ಲಾಸ್ಟಿಕ್ ಎಳೆ, ಇಟ್ಟೂ ನೋಡಿದೆ. ಬೇರಿಂಗಿಗೂ ಕ್ರ್ಯಾಂಕಿಗೂ ನಡುವೆ 0.02ರಿಂದ 0.04 ಮಿ.ಮೀ. ಸಂದು ಇರಬೇಕು, ಇತ್ತು. ಅಲ್ಲೇ ಬಿದ್ದಿದ್ದು ನಾನು. ಆ ಮೆತ್ತನೆಯ ಎಳೆಯನ್ನು ಕ್ಯಾಪಿನ ನಡುವೆ ಇಟ್ಟರೆ ಮೇಲೆ-ಕೆಳಗಿನ ಸಂದು ಮಾತ್ರ ಗೊತ್ತಾಗುತ್ತದೆ. ಕ್ಯಾಪ್ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿದ್ದರೆ ಅದು ಬಾಯಿ ಬಿಡುವುದಿಲ್ಲ. ಬಾಯಿ ಬಿಟ್ಟಿದ್ದು ಕ್ರ್ಯಾಂಕ್. ಮೂರು ಕ್ಯಾಪ್ ಬಿಗಿಯುವ ತನಕ ಎರಡು ಬೆರಳಿಗೆ ತಿರುಗುತ್ತಿತ್ತು. ನಾಲ್ಕನೆಯದಕ್ಕೆ ಟಾರ್ಕ್ ರೆಂಚ್ 'ಕಟ್' ಅಂದ ಕೂಡಲೇ ಭಾರ ಆಯಿತು. "ಬಿಚ್ಚಿಬಿಡೋಣ ಸಾರ್, ಪೀಣ್ಯಕ್ಕೆ ಕಳಿಸಿ ಬೋರ್ ಗೇಜ್ ಹಾಕಿಸೋಣ" ಅಂದ ಮೆಕ್ಯಾನಿಕ್. ಬೋರ್ ಗೇಜ್ ಅಂದರೆ ರಂಧ್ರದ ವ್ಯಾಸವನ್ನು ಬೇರೆ ಬೇರೆ ದಿಕ್ಕಿನಲ್ಲಿ ಅಳೆಯುವ ಸಾಧನ. ಟ್ರ್ಯಾಕ್ ಬುಕ್ ಆಗಿತ್ತು. "ಹೊಸ ಬೇರಿಂಗ್, ಓಡ್ತಾ ಓಡ್ತಾ ಸರಿ ಹೋಗುತ್ತೆ ಬಿಡೋ" ಅಂದೆ. ಓಡ್ತಾ ಓಡ್ತಾ ಕೂತ್ಕೊಳ್ಳೋದು ಪಿಸ್ಟನ್ ರಿಂಗು, ಬೇರಿಂಗ್ ಅಲ್ಲ.

ಟ್ರ್ಯಾಕ್‌ನಲ್ಲಿ ಆಯಿಲ್ ಲೈಟ್ ಮಿಣುಕಿತು. ತಿರುವಿನಲ್ಲಿ ಆಯಿಲ್ ಒಂದು ಕಡೆಗೆ ಸರಿದಿರಬೇಕು ಅಂತ ಇನ್ನೊಂದು ರೌಂಡ್ ಹೊಡೆದೆ. ಆಮೇಲೆ ಕೆಳಗಿನಿಂದ ದಬದಬ ಶಬ್ದ. ಬಿಚ್ಚಿದಾಗ ನಾಲ್ಕನೇ ಬೇರಿಂಗ್ ತನ್ನ ಜಾಗದಲ್ಲೇ ಸುತ್ತಿಹೋಗಿತ್ತು, ಕ್ರ್ಯಾಂಕ್ ಸುಟ್ಟು ನೀಲಿ ತಿರುಗಿತ್ತು. ಬ್ಲಾಕಿಗೆ ಕೊಟ್ಟಿದ್ದು 18 ಸಾವಿರ. ಕ್ರ್ಯಾಂಕ್, ಬೇರಿಂಗ್, ಲೈನ್ ಬೋರಿಂಗ್ ಅಂತ ಮೇಲೆ ಹೋಗಿದ್ದನ್ನು ಮನೆಯಲ್ಲಿ ಇವತ್ತಿಗೂ ಹೇಳಿಲ್ಲ.

ಇಷ್ಟಕ್ಕೂ ನಿಮಗೆ ರೇಸ್ ಬ್ಲಾಕ್ ಯಾಕೆ ಬೇಕು? ಎಸ್ಟೀಮ್‌ಗೆ ರೇಸಿನದು ಅಂತ ಮಾರುತಿಯವರು ಬೇರೆ ಬ್ಲಾಕ್ ಎರಕ ಹೊಯ್ದಿಲ್ಲ. ರೋಡ್ ಕಾರಿನದೇ ಬ್ಲಾಕ್, ಚೆನ್ನಾಗಿ ಬಡಿಸಿಕೊಂಡಿರುತ್ತೆ ಅಷ್ಟೇ. ಪವರ್ ಬರೋದು ಹೆಡ್ಡು, ಕ್ಯಾಮ್, ಕಂಪ್ರೆಷನ್, ಟ್ಯೂನಿಂಗ್‌ನಿಂದ. ಬ್ಲಾಕ್ ಸುಮ್ನೆ ನೆಟ್ಟಗಿದ್ದರೆ ಸಾಕು. ಇದು ಅಲ್ಯುಮಿನಿಯಂ ಬ್ಲಾಕ್ ಬೇರೆ. ಪದೇ ಪದೇ ಬಿಚ್ಚಿ ಬಿಗಿದರೆ ಬೋಲ್ಟ್ ಕೂರುವ ತಿರುಪಿನ ಗೆರೆ ಸವೆಯುತ್ತೆ, ಜಾಸ್ತಿ ಬಿಸಿಯಾಗಿದ್ದರೆ ಮೇಲ್ಮೈ ಡೊಂಕಾಗುತ್ತೆ. ಸಿಲಿಂಡರ್ ಸವೆದಾಗ ಕೊರೆದು ಅಗಲ ಮಾಡಿ ಹಾಕುವ ಕಂಪನಿ ಓವರ್‌ಸೈಜ್ ಪಿಸ್ಟನ್ 0.25, 0.50 ಮಿ.ಮೀ. ಅಷ್ಟೇ. 0.50 ಆಗಲೇ ಹೊಡೆಸಿದ್ದರೆ ಮುಂದೆ ಲೈನರ್, ಅಂದರೆ ಸಿಲಿಂಡರಿನ ಒಳಕೊಳವೆ, ಬದಲಾಯಿಸುವ ಕೆಲಸ.

ನನ್ನ ಮಾತು ಕೇಳಿದರೆ, ಯಾರಾದರೂ ರಿಟೈರ್ಡ್ ಯಜಮಾನರು ಜೋಪಾನವಾಗಿ ಓಡಿಸಿದ 16 ವಾಲ್ವ್ ಎಸ್ಟೀಮ್ ಗುಜರಿಗೆ ಹೋಗುವ ಮುಂಚೆ ಹಿಡಿಯಿರಿ. 1999ರ ನಂತರದ್ದು ಆಗಬೇಕು. ಇಂಜಿನ್ ಪೂರ್ತಿ ಜೋಡಿಸಿದ ಹಾಗೇ, ಸ್ಟಾರ್ಟ್ ಮಾಡಿ ಕೇಳಿ ತನ್ನಿ. ಬಿಚ್ಚಿದ ಮಾಲು ಬೇಡ.

ಇಲ್ಲ, ಆ ರೇಸ್ ಬ್ಲಾಕೇ ಬೇಕು ಅಂತ ಹಟ ಇದ್ದರೆ, ದುಡ್ಡು ಕೊಡುವ ಮುಂಚೆ ಮಷಿನ್ ಶಾಪಿಗೆ ಒಯ್ಯಿರಿ. ಕ್ಯಾಪ್ ಹಾಕಿ, ಟಾರ್ಕ್‌ಗೆ ಬಿಗಿದು, ಐದೂ ಕಡೆ ಬೋರ್ ಗೇಜ್‌ನಿಂದ ಮೇಲೆ-ಕೆಳಗೂ ಅಡ್ಡಕ್ಕೂ ಅಳೆಸಿ, ಸಾಲು ನೇರ ಇದೆಯಾ ಅಂತಲೂ ನೋಡಿಸಿ. ಮಾರುವವರು ಒಪ್ಪದಿದ್ದರೆ ಅಲ್ಲಿಗೆ ಬಿಡಿ.

ಮತ್ತೆ, ಕಾರು ರೋಡಿಗೂ ಇಳಿಯುತ್ತಾ ಅಂತ ನೀವು ಬರೆದಿಲ್ಲ. ಇಳಿಯುವುದಾದರೆ ಇಂಜಿನ್ ನಂಬರ್ ಇರುವುದು ಬ್ಲಾಕ್ ಮೇಲೇ. ಬ್ಲಾಕ್ ಬದಲಾದರೆ ಆರ್‌ಟಿಓದಲ್ಲಿ ಆರ್‌ಸಿಗೂ ಹೊಸ ನಂಬರ್ ಹತ್ತಿಸಬೇಕು. ಅದಕ್ಕೆ ಬಿಲ್ ಕೇಳುತ್ತಾರೆ. ಗೋಣಿಚೀಲದಲ್ಲಿ ಕೊಡುವವರು ಬಿಲ್ ಕೊಡ್ತಾರಾ, ಮೊದಲೇ ಕೇಳಿಕೊಳ್ಳಿ.