ಕಂದು ಕಾಗದದ ಮೇಲೆ ಬಿಳಿ ನೊರೆ

ಪ್ರಶ್ನೆ: ಗೋಕರ್ಣದ ಓಂ ಕಡಲತೀರದ ಬಂಡೆಗಳನ್ನು ಸಂಜೆ ಹೊತ್ತು ಜಲವರ್ಣದಲ್ಲಿ ಬಿಡಿಸುವುದು ನನ್ನ ಹವ್ಯಾಸ. ನೊರೆಗೆ ಬಿಳಿ ಹಚ್ಚಿದರೆ ಸುಣ್ಣ ಬಳಿದಂತೆ ಕಾಣುತ್ತದೆ. ಜಲವರ್ಣದಲ್ಲಿ ಬಿಳಿಯನ್ನು ಮುಟ್ಟಲೇಬಾರದು ಎನ್ನುತ್ತಾರೆ. ಹಾಗಿದ್ದರೆ ಅಮೆರಿಕದ ಚಿತ್ರಕಾರ ವಿಲಿಯಂ ಟ್ರೋಸ್ಟ್ ರಿಚರ್ಡ್ಸ್ ‘ಎ ರಾಕಿ ಕೋಸ್ಟ್’ (ಬಂಡೆಗಳ ಕಡಲತೀರ) ಎಂಬ ಜಲವರ್ಣ ಚಿತ್ರವನ್ನು ಕಂದು ಕಾಗದದ ಮೇಲೆ ಬರೆದದ್ದು ಹೇಗೆ?
— ಓದುಗರು, ಅಂಕೋಲಾ

ಉತ್ತರ: ಬಿಳಿ ಬಳಸಿಯೇ ಬರೆದದ್ದು. ನೀವು ಕೇಳಿದ ನಿಯಮ ಬಿಳಿ ಕಾಗದದ ಮಟ್ಟಿಗೆ ಸರಿ. ಅಲ್ಲಿ ಬೆಳಕು ಬಣ್ಣದ ತೆಳು ಪದರವನ್ನು ಹಾದು ಕಾಗದಕ್ಕೆ ತಾಗಿ ಹಿಂದಿರುಗುವುದರಿಂದ, ಏನನ್ನೂ ಹಚ್ಚದೆ ಬಿಟ್ಟ ಜಾಗವೇ ಎಲ್ಲಕ್ಕಿಂತ ಹೆಚ್ಚು ಬೆಳಗುತ್ತದೆ. ಅದರ ಮಗ್ಗುಲಲ್ಲಿ ದಪ್ಪ ಬಿಳಿ ಮಂಕಾಗಿಯೇ ಕಾಣಬೇಕು.

1877ರ ಈ ಚಿತ್ರದಲ್ಲಿ ಲೆಕ್ಕ ತಿರುಗುಮುರುಗು. ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ, ಸುಮಾರು ಮೂರಡಿ ಅಗಲದ ಈ ಕೃತಿಗೆ ಆಧಾರವಾಗಿರುವುದು ನಾರುನಾರಾದ ಕಂದು ಕಾಗದ. ರತ್ನಗಂಬಳಿಯ ಅಡಿಗೆ ಹಾಸುವ ದಪ್ಪ ಕಾಗದವನ್ನೂ ಆ ವರ್ಷಗಳಲ್ಲಿ ರಿಚರ್ಡ್ಸ್ ದೊಡ್ಡ ಜಲವರ್ಣಗಳಿಗೆ ಒಗ್ಗಿಸಿಕೊಂಡಿದ್ದರು. ಇಂಥ ಕಾಗದ ತಾನೇ ನಡುವಣ ಛಾಯೆಯಾಗಿ ಬಂಡೆಯ ಅರ್ಧ ಕೆಲಸ ಮಾಡಿಕೊಡುತ್ತದೆ. ಬಿರುಕಿಗೆ ಕಪ್ಪು, ನೊರೆಗೆ ಗುವಾಶ್, ಅಂದರೆ ತಳ ಕಾಣಿಸದ ಬಣ್ಣ, ಸೇರಿಸಿದರಾಯಿತು. ಸೀಸದ ಬಿಳಿ ಗಾಳಿಯಲ್ಲಿನ ಗಂಧಕ ತಾಗಿ ಕಪ್ಪಾಗುವ ತೊಂದರೆಯೂ ಅಷ್ಟರಲ್ಲಿ ನೀಗಿತ್ತು. ಇಂಗ್ಲೆಂಡಿನ ವಿನ್ಸರ್ ಅಂಡ್ ನ್ಯೂಟನ್ ಕಂಪನಿ ಸತುವಿನಿಂದ ಮಾಡಿದ ‘ಚೈನೀಸ್ ವೈಟ್’ ಅನ್ನು 1834ರಲ್ಲೇ ಮಾರಾಟಕ್ಕೆ ತಂದಿತ್ತು.

ಆದರೆ ನಿಮ್ಮ ತೊಡಕು ಕಾಗದದ್ದಷ್ಟೇ ಅಲ್ಲ, ಹೊತ್ತಿನದು ಎಂದು ನನ್ನ ಅನುಮಾನ. ನಮ್ಮ ಪಡುವಣ ಕರಾವಳಿಯಲ್ಲಿ ಸಂಜೆಯ ಸೂರ್ಯ ಕಡಲಿನ ಕಡೆಗಿರುತ್ತಾನೆ. ಬಂಡೆಗೆ ಬಡಿದು ಮೇಲೇಳುವ ನೊರೆಯ ನಮ್ಮತ್ತಣ ಮೈಯೆಲ್ಲ ನೆರಳು. ಅದರ ಅಂಚು ಮಾತ್ರ ಹೊಳೆಯುತ್ತದೆ, ಉಳಿದದ್ದು ಬೂದಿ ಬೆರೆತ ನೀಲಿ. ಅಲೆ ಹಿಂದೆ ಸರಿದ ಮೇಲೆ ಬಂಡೆಯ ಮೇಲೆ ಉಳಿಯುವ ನೊರೆಯಂತೂ ಹರಿದ ಬಲೆಯಂತಿದ್ದು, ಅದರ ಕಣ್ಣುಗಳಲ್ಲಿ ಒದ್ದೆ ಕಲ್ಲು ಕಪ್ಪಗೆ ಇಣುಕುತ್ತಿರುತ್ತದೆ. ಇದಕ್ಕೆಲ್ಲ ಒಂದೇ ಬಿಳಿ ಹಚ್ಚಿದರೆ ಸುಣ್ಣವಾಗದೆ ಇನ್ನೇನಾದೀತು? ಪ್ರಕೃತಿಯನ್ನು ಕಂಡಂತೆಯೇ ಬರೆಯಬೇಕೆಂಬ ಇಂಗ್ಲೆಂಡಿನ ಕಲಾವಿಮರ್ಶಕ ಜಾನ್ ರಸ್ಕಿನ್ನರ ಮಾತಿಗೆ ಮನಸೋತು, 1863ರಲ್ಲಿ ಅದೇ ನಿಲುವಿನ ಅಮೆರಿಕದ ಕಲಾವಿದರ ಕೂಟವನ್ನು ಸೇರಿದ್ದ ರಿಚರ್ಡ್ಸ್, ಅಲೆಯ ಚಲನೆಯನ್ನು ನೋಡುತ್ತ ಗಂಟೆಗಟ್ಟಲೆ ದಡದಲ್ಲಿ ನಿಲ್ಲುತ್ತಿದ್ದರು.

ಕಂದು ಕಾಗದವೆಂದು ಶಾಲಾ ಪುಸ್ತಕಕ್ಕೆ ಹೊದಿಸುವ ಹಾಳೆಯನ್ನು ಮಾತ್ರ ತರಬೇಡಿ. ನೀರು ತಾಗಿದ ಕೂಡಲೇ ಅದು ಸುಕ್ಕುಗಟ್ಟುತ್ತದೆ. 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ಜಲವರ್ಣ ಕಾಗದಕ್ಕೆ ತೆಳುವಾಗಿ ಬರ್ಂಟ್ ಅಂಬರ್ ಎಂಬ ಕಂದು ಬಣ್ಣ ಬಳಿದು, ಪೂರ್ತಿ ಒಣಗಿಸಿ (ಮಳೆಗಾಲದಲ್ಲಿ ಇದಕ್ಕೇ ಒಂದು ದಿನ ಬೇಕಾದೀತು), ಮೊದಲು ಬೂದುನೀಲಿಯಲ್ಲಿ ನೊರೆಯ ಮೈಯನ್ನು ಕೂರಿಸಿ. ಬಿಳಿಯನ್ನು ಕೊನೆಗೆ, ಬಿಸಿಲು ತಾಗಿದ ಅಂಚಿಗೆ ಮಾತ್ರ, ಒಂದೇ ಸಲ ಇಟ್ಟು ಕುಂಚವನ್ನು ಎತ್ತಿಬಿಡಿ. ಮತ್ತೆ ಉಜ್ಜಿದರೆ ಅಡಿಯ ಕಂದು ಕರಗಿ ಮೇಲೆ ಬಂದು ನೊರೆ ಕೆಸರಾಗುತ್ತದೆ.